ಎರವಲಿಗಲ್ಲದ ಪುಸ್ತಕಗಳು

ಕಾರ್ಡಮ್ಮನ ನಿಜವಾದ ಹೆಸರು ಗ್ರಂಥಾಲಯದ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿ ಇರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ ಕೂತು, ಬಂದ ಒಂದೊಂದು ಪುಸ್ತಕಕ್ಕೂ ಮೂರು ಮೂರು ಕಾರ್ಡು ಬರೆದವಳು ಅವಳು. ಬರೆದವರ ಹೆಸರಿಗೊಂದು, ಪುಸ್ತಕದ ಹೆಸರಿಗೊಂದು, ವಿಷಯಕ್ಕೊಂದು. ಆ ಕಾರ್ಡುಗಳೆಲ್ಲ ಅರವತ್ತು ಡ್ರಾಯರಿನ ಮರದ ಬೀರುವಿನಲ್ಲಿ ತುಂಬಿದ್ದವು. ಓದುಗರು ಮೊದಲು ಬೀರುವಿನಲ್ಲಿ ತಡಕಾಡಿ, ಸಿಗದಿದ್ದಾಗ ಅವಳ ಹತ್ತಿರ ಬರುತ್ತಿದ್ದರು. ಅವಳು ತಲೆಯೆತ್ತದೆ, "ಎಡಗಡೆ ನಾಲ್ಕನೇ ಕಪಾಟು, ಕೆಳಗಿಂದ ಎರಡನೇ ಸಾಲು, ನೀಲಿ ರಟ್ಟು" ಅನ್ನುತ್ತಿದ್ದಳು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಹೆಸರಾಗಿದ್ದರೂ, ಈ ಒಂದು ಗುಣಕ್ಕಾಗಿ ಜನ ಅವಳ ಗದರಿಕೆಯನ್ನು ಸಹಿಸಿಕೊಂಡಿದ್ದರು.

ಎರಡೂವರೆ ವರ್ಷದ ಹಿಂದೆ ಹೊಸ ಮುಖ್ಯಸ್ಥರು ಬಂದರು. ಅದಕ್ಕೆ ಮುಂಚೆ ಅವರು ಸರಕಿನ ಗೋದಾಮುಗಳ ಇಲಾಖೆಯಲ್ಲಿದ್ದವರು. ಮೊದಲ ದಿನವೇ ಪುಸ್ತಕಗಳಿಗೆ "ಸ್ಟಾಕು" ಅಂದರು. ಕಾರ್ಡಮ್ಮ ಅವರಿಗೆ ಅವತ್ತೇ ಗೋದಾಮು ಸಾಹೇಬರು ಎಂದು ನಾಮಕರಣ ಮಾಡಿದಳು. ಬೆನ್ನ ಹಿಂದೆ ಎಲ್ಲರೂ ಹಾಗೇ ಕರೆಯತೊಡಗಿದರು. ಸಾಹೇಬರು ಬಂದ ಮೂರನೇ ತಿಂಗಳಲ್ಲಿ ಗ್ರಂಥಾಲಯಕ್ಕೆ ಕಂಪ್ಯೂಟರ್ ವ್ಯವಸ್ಥೆ ಬಂತು, ಮರದ ಬೀರು ಹಿಂದಿನ ಬಾಗಿಲಿನಿಂದ ಹೊರಗೆ ಹೋಯಿತು.

ಕಂಪ್ಯೂಟರಿನ ಕಂಪನಿಯವರು ತರಬೇತಿಗೆಂದು ಒಬ್ಬ ಹುಡುಗಿಯನ್ನು ನಾಲ್ಕು ದಿನ ಕಳಿಸಿಕೊಟ್ಟರು. ಚುರುಕಾದ ಹುಡುಗಿ, ಮಾತು ಸಲೀಸು. "ಇದರೊಳಗೆ ಏಳು ಮಾಡ್ಯೂಲ್ ಇವೆ. ಪುಸ್ತಕ ಕೊಳ್ಳೋದಕ್ಕೆ ಒಂದು, ಕ್ಯಾಟಲಾಗಿಗೆ ಒಂದು, ಸದಸ್ಯರಿಗೆ, ಇಶ್ಯೂ-ರಿಟರ್ನಿಗೆ, ಪತ್ರಿಕೆಗಳಿಗೆ, ಓದುಗರು ಹುಡುಕೋದಕ್ಕೆ, ಕಡೆಗೆ ವರದಿಗಳಿಗೆ. ಒಂದರಲ್ಲಿ ಬರೆದದ್ದನ್ನ ಇನ್ನೊಂದು ಓದ್ಕೊಳ್ಳುತ್ತೆ" ಎಂದು ಶುರು ಮಾಡಿದಳು. ಕಾರ್ಡಮ್ಮ ಕಡೆಯ ಸಾಲಿನಲ್ಲಿ ಕೈಕಟ್ಟಿ ಕೂತು ಕಿಟಕಿಯಾಚೆ ನಿಂತ ಸೈಕಲ್ಲುಗಳನ್ನು ಎಣಿಸುತ್ತಿದ್ದಳು. ನಾಲ್ಕು ದಿನವೂ ಅದೇ ಕೆಲಸ. ಕಡೆಯ ದಿನ ಹುಡುಗಿ ಏನೋ ಕಾಗದ ತಂದು ಸಹಿ ಕೇಳಿದಳು. ಕಾರ್ಡಮ್ಮ ಓದದೆ ಗೀಚಿ ಕೊಟ್ಟಳು. ಆಮೇಲೆ ಅವಳಿಗೆ ಸಿಕ್ಕಿದ್ದು ಇಶ್ಯೂ ಕೌಂಟರಿನ ಕುರ್ಚಿ. ಬಾರ್‌ಕೋಡಿಗೆ ಕೆಂಪು ದೀಪ ಹಿಡಿ, ಕುಂಯ್ ಅಂದರೆ ಪುಸ್ತಕ ಕೊಡು. ಇಪ್ಪತ್ತಾರು ವರ್ಷದ ಕೆಲಸ ಆ ಒಂದು ಕುಂಯ್ ಸದ್ದಿಗೆ ಬಂದು ನಿಂತಿತ್ತು.

ಇಷ್ಟು ಹಿಂದಿನದು. ಕಥೆ ಶುರುವಾಗುವುದು ಒಂದು ಸೋಮವಾರ ಬೆಳಿಗ್ಗೆ, ಸಾಹೇಬರು ಅಟೆಂಡರ್ ಕೈಯಲ್ಲಿ ಒಂದು ಪಟ್ಟಿ ಕಳಿಸಿದಾಗ. ಅಟೆಂಡರನನ್ನು ಎಲ್ಲರೂ ಮೀಸೆ ಎಂದು ಕರೆಯುತ್ತಿದ್ದರು. ದಪ್ಪ ಮೀಸೆ, ತೆಳು ದನಿ. ಅವನು ಪಟ್ಟಿಯನ್ನು ಕೌಂಟರಿನ ಮೇಲಿಟ್ಟು, "ಅಕ್ಕ, ಇದನ್ನ ನೋಡಿದ ಮೇಲೆ ನನ್ನನ್ನ ಬೈಬೇಡಿ. ನಾನು ಬರೀ ತಂದವನು" ಅಂದ.

ನೂರಾ ಎಂಬತ್ತು ಹಾಳೆ. ತಲೆಬರಹ: ಎರಡು ವರ್ಷಗಳಲ್ಲಿ ಒಮ್ಮೆಯೂ ಇಶ್ಯೂ ಆಗದ ಪುಸ್ತಕಗಳು. ಒಟ್ಟು ಆರು ಸಾವಿರದ ಇನ್ನೂರಾ ಹದಿನಾಲ್ಕು. ಮೇಲೆ ಸಾಹೇಬರ ಕೈಬರಹದಲ್ಲಿ, "ಸತ್ತ ಸ್ಟಾಕು. ಸಮಿತಿ ಒಪ್ಪಿದ ಕೂಡಲೇ ವಿಲೇವಾರಿ. ಕಪಾಟು ಖಾಲಿ ಮಾಡಲು ಸಿದ್ಧತೆ ಮಾಡಿಕೊಳ್ಳುವುದು." ಸಮಿತಿಯ ಸಭೆಗೆ ಇನ್ನು ಮೂರು ವಾರವಿತ್ತು. ಆ ಜಾಗದಲ್ಲಿ ಗಾಜಿನ ಗೋಡೆಯ ಚರ್ಚಾ ಕೊಠಡಿ ಬರುತ್ತದೆಂಬ ಮಾತು ಮುಂಚಿನಿಂದಲೂ ಇತ್ತು.

ಕಾರ್ಡಮ್ಮ ಹಾಳೆ ತಿರುವಿದಳು. ಹನ್ನೊಂದನೇ ಹಾಳೆಯಲ್ಲಿ ಅವಳ ಬೆರಳು ನಿಂತಿತು. ಬಟ್ಟೆ ಕತ್ತರಿಸುವ ಅಳತೆಗಳ ದೊಡ್ಡ ಪುಸ್ತಕ. ಮಡಚಿದ ನಕ್ಷೆಗಳು ತುಂಬಿರುವ, ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ. ಪಕ್ಕದ ಬೀದಿಯ ಟೈಲರಮ್ಮ ಪ್ರತಿ ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು, ಅದನ್ನು ಮೇಜಿನ ಮೇಲೆ ಹರವಿ, ಟ್ರೇಸಿಂಗ್ ಕಾಗದ ಇಟ್ಟು ಪೆನ್ಸಿಲಿನಲ್ಲಿ ಎಳೆದುಕೊಂಡು ಹೋಗುತ್ತಿದ್ದಳು. ಹೋದ ಗುರುವಾರವೂ ಬಂದಿದ್ದಳು. ಅದರ ರಟ್ಟಿನಲ್ಲಿ ಅವಳ ಸೀಮೆಸುಣ್ಣದ ಪುಡಿ ಇನ್ನೂ ಇರಬೇಕು. ಈ ಪುಸ್ತಕ ಸತ್ತಿದೆಯಂತೆ.

ಅವಳು ಪಟ್ಟಿ ಎತ್ತಿಕೊಂಡು ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದಳು.

"ಸಾರ್, ಈ ಪಟ್ಟಿ ಯಾರು ಮಾಡಿದ್ದು?"

"ಯಾರೂ ಮಾಡಿಲ್ಲಮ್ಮ. ಸಿಸ್ಟಮ್ ಮಾಡಿದೆ. ಗುಂಡಿ ಒತ್ತಿದೆ, ಬಂತು."

"ಇದರಲ್ಲಿರೋ ಪುಸ್ತಕಗಳನ್ನ ಜನ ದಿನಾ ಓದ್ತಾರೆ. ನಾನು ಕಣ್ಣಾರೆ ನೋಡ್ತೀನಿ."

"ನಿಮ್ಮ ಕಣ್ಣು ಸಮಿತಿಗೆ ಬೇಡ. ಅವರಿಗೆ ಅಂಕಿ ಬೇಕು." ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ನಿಮಗೆ ಹಳೇದರ ಮೇಲೆ ಮೋಹ ಅಂತ ನನಗೆ ಗೊತ್ತು. ಆದ್ರೆ ಕಂಪ್ಯೂಟರ್ ಸುಳ್ಳು ಹೇಳಲ್ಲ. ತರಬೇತೀಲಿ ಸರಿಯಾಗಿ ಕೂತಿದ್ರೆ ನಿಮಗೂ ತಿಳೀತಿತ್ತು."

ಆ ಕಡೆಯ ಮಾತು ಅವಳ ಮೈಗೆ ಬೆಂಕಿ ಹಚ್ಚಿತು. ಅದರಲ್ಲಿ ನಿಜವಿದ್ದದ್ದರಿಂದ ಉರಿ ಇನ್ನೂ ಹೆಚ್ಚಾಯಿತು. ಪಟ್ಟಿ ಎತ್ತಿಕೊಂಡು ಹೊರಗೆ ಬಂದಳು. ಅವತ್ತು ಕೌಂಟರಿಗೆ ಬಂದವರೆಲ್ಲ ಒಂದೊಂದು ಸಲ ಬೈಸಿಕೊಂಡು ಹೋದರು.

ಮನೆಯಲ್ಲಿ ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಸಂಜೆ ಅವಳು ಪಾತ್ರೆಗಳನ್ನು ಕುಕ್ಕುತ್ತ ನಡೆದದ್ದನ್ನೆಲ್ಲ ಹೇಳಿದಳು. ಅವನು ಉಗುರಿನ ಸಂದಿಯ ಗ್ರೀಸು ಕೆರೆಯುತ್ತ ಕೇಳಿದ.

"ಆ ಹಾಳಾದ ಯಂತ್ರಾನ ಎತ್ತಿ ಕಿಟಕಿಯಿಂದ ಎಸೀಬೇಕು" ಅಂದಳು.

"ಯಂತ್ರಕ್ಕೆ ಯಾಕೆ ಬೈತೀಯ?" ಅಂದ ಅವನು. "ಮೊನ್ನೆ ಒಂದು ಕಡೆ ಲಿಫ್ಟಲ್ಲಿ ಇಬ್ಬರು ಹತ್ತಿದ್ರೂ ಭಾರ ಜಾಸ್ತಿ ಅಂತ ದೀಪ ಹತ್ತಿಕೊಳ್ತಿತ್ತು. ಅಲ್ಲಿಯವರು ಒಂದು ತಿಂಗಳು ಜನರನ್ನ ಇಳಿಸ್ತಾ ಇದ್ರು. ನೋಡಿದ್ರೆ ಕೆಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಕೂತಿತ್ತು. ಈ ಪಟ್ಟಿ ಯಾವ ಸ್ಪ್ರಿಂಗ್ ನೋಡಿ ದೀಪ ಹಚ್ತು ಅಂತ ಮೊದಲು ನೋಡು."

"ನಿಮಗೆ ಎಲ್ಲಾನೂ ಲಿಫ್ಟೇ" ಎಂದು ಅವನ ಮೇಲೂ ರೇಗಿದಳು. ಅವನು ಊಟಕ್ಕೆ ಕೂತ. ಆದರೆ ಅವನ ಮಾತು ಅವಳ ತಲೆಯೊಳಗೆ ಹೊಕ್ಕು ಕೂತಾಗಿತ್ತು.

ಮರುದಿನ ಅವಳು ಕಂಪನಿಯವರು ಕೊಟ್ಟುಹೋದ ಕೈಪಿಡಿಯನ್ನು ಹುಡುಕಿದಳು. ಮುನ್ನೂರಾ ನಲವತ್ತು ಪುಟದ ಆ ದಪ್ಪ ಪುಸ್ತಕವನ್ನು ಯಾರೋ ಪತ್ರಿಕೆಗಳ ಕೋಣೆಯಲ್ಲಿ ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಎಳೆದು ತೆಗೆದು, ದೂಳು ಕೊಡವಿ, ಊಟದ ಬಿಡುವಿನಲ್ಲಿ ಮೊದಲ ಪುಟದಿಂದ ಓದತೊಡಗಿದಳು. ಹಗೆಯವನ ಪತ್ರ ಓದುವ ಹಾಗೆ, ಎಲ್ಲಿ ತಪ್ಪು ಸಿಗುತ್ತದೆ ಎಂದು ಒಂದೊಂದು ಸಾಲಿಗೂ ಬೆರಳಿಟ್ಟು ಓದಿದಳು.

ಎರಡು ದಿನದಲ್ಲಿ ಅವಳಿಗೆ ಒಂದು ವಿಷಯ ಹೊಳೆದು ಇನ್ನೂ ಸಿಟ್ಟು ಬಂತು. ಇದು ಅವಳಿಗೆ ಗೊತ್ತಿಲ್ಲದ ಲೋಕವೇ ಆಗಿರಲಿಲ್ಲ. ಹೊಸ ಪುಸ್ತಕ ತರಿಸುವ ಮಾಡ್ಯೂಲ್ ಎಂದರೆ ಹಳೆಯ ಆರ್ಡರ್ ಫೈಲು. ಕ್ಯಾಟಲಾಗಿನ ಮಾಡ್ಯೂಲ್ ಎಂದರೆ ಅವಳದೇ ಕಾರ್ಡು, ಮೂರು ಸಲ ಬರೆಯುವ ಬದಲು ಒಂದೇ ಸಲ. ಸದಸ್ಯರದ್ದು ಹಸಿರು ರಟ್ಟಿನ ರಿಜಿಸ್ಟರು. ಪತ್ರಿಕೆಗಳದ್ದು ಯಾವ ವಾರದ ಸಂಚಿಕೆ ಬರಲಿಲ್ಲ ಎಂದು ಗೋಡೆಗೆ ಅಂಟಿಸುತ್ತಿದ್ದ ಚಾರ್ಟು. ಓದುಗರು ಹುಡುಕುವ ಪರದೆ ಆ ಅರವತ್ತು ಡ್ರಾಯರು. ಎಲ್ಲವೂ ಅವಳು ಇಪ್ಪತ್ತಾರು ವರ್ಷ ಕೈಯಾಡಿಸಿದ್ದೇ. ಹೆಸರು ಬದಲಾಯಿತೆಂದು ತಾನು ನೆಂಟರ ಮನೆಯಲ್ಲಿ ಮುನಿಸಿಕೊಂಡ ಅತ್ತೆಯ ಹಾಗೆ ಮೂಲೆ ಹಿಡಿದು ಕೂತಿದ್ದೆನಲ್ಲ ಎಂದು ಹಲ್ಲು ಕಡಿದಳು.

ಹೊಸದೆಂದರೆ ಒಂದೇ. ಹಿಂದೆ ಈ ರಿಜಿಸ್ಟರುಗಳನ್ನು ಒಂದಕ್ಕೊಂದು ಹೊಂದಿಸಿ ನೋಡಲು ಮನುಷ್ಯರು ಬೇಕಿತ್ತು. ಈಗ ವರದಿಯ ಮಾಡ್ಯೂಲ್ ತಾನೇ ಹೊಂದಿಸಿ ನೋಡುತ್ತದೆ. ಅದು ಕಪಾಟಿನ ಹತ್ತಿರ ಹೋಗುವುದಿಲ್ಲ, ಓದುವವರ ಮುಖ ನೋಡುವುದಿಲ್ಲ. ಇಶ್ಯೂ-ರಿಟರ್ನಿನ ಮಾಡ್ಯೂಲ್ ಬರೆದಿಟ್ಟ ಎಣಿಕೆಯನ್ನು ಓದಿಕೊಳ್ಳುತ್ತದೆ, ಅಷ್ಟೇ. ಆ ಎಣಿಕೆ ಏರುವುದು ಕೌಂಟರಿನಲ್ಲಿ ಕುಂಯ್ ಅಂದಾಗ ಮಾತ್ರ.

ಗುರುವಾರ ಬೆಳಿಗ್ಗೆ ಅವಳು ಅಳತೆಯ ಪುಸ್ತಕವನ್ನು ಹೊತ್ತು ತಂದು, ತನ್ನದೇ ಸದಸ್ಯತ್ವದ ಸಂಖ್ಯೆ ಹಾಕಿ, ಬಾರ್‌ಕೋಡಿಗೆ ದೀಪ ಹಿಡಿದಳು. ಕುಂಯ್ ಅನ್ನಲಿಲ್ಲ. ಒರಟಾಗಿ ಗುರ್ ಅಂದು ಪರದೆಯ ಮೇಲೆ ಕೆಂಪು ಪಟ್ಟಿ ಬಂತು: ಈ ಪ್ರತಿ ಎರವಲಿಗಲ್ಲ.

ಅವಳಿಗೆ ಇದು ಹೊಸ ಸುದ್ದಿಯಲ್ಲ. ದೊಡ್ಡ ಪುಸ್ತಕಗಳು, ನಿಘಂಟುಗಳು, ನಕ್ಷೆಗಳು, ಪಂಪು ಮೋಟಾರುಗಳ ರಿಪೇರಿ ಪುಸ್ತಕಗಳು ಯಾವತ್ತೂ ಮನೆಗೆ ಹೋಗುವುದಿಲ್ಲ, ಇಲ್ಲೇ ಕೂತು ಓದಬೇಕು. ಅವುಗಳ ಬೆನ್ನಿಗೆ ಕೆಂಪು ಚೀಟಿ ಅಂಟಿಸಿದವಳೂ ಅವಳೇ. ಮನೆಗೆ ಕೊಡಬಾರದು ಎಂದು ಕೈಕಟ್ಟಿ ಕೂರಿಸಿ, ಮನೆಗೆ ಹೋಗಲಿಲ್ಲ ಎಂದು ಸಾಯಿಸುತ್ತಿದ್ದಾರೆ. ಮೀಸೆ ದೂರದಿಂದಲೇ ಅವಳ ಮುಖ ನೋಡಿ ಪತ್ರಿಕೆಗಳ ಕೋಣೆಗೆ ಜಾರಿಕೊಂಡ.

ಕೈಪಿಡಿಯ ಇನ್ನೂರಾ ಹನ್ನೆರಡನೇ ಪುಟದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಇಶ್ಯೂ-ರಿಟರ್ನಿನ ಮಾಡ್ಯೂಲಿನಲ್ಲೇ 'ಒಳಬಳಕೆ' ಎಂಬ ಪರದೆ ಇರುತ್ತದಂತೆ. ಓದುಗರು ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮುಂಚೆ ಅಲ್ಲಿ ದೀಪ ಹಿಡಿದರೆ ಆ ಪುಸ್ತಕ ಬಳಕೆಯಾಯಿತು ಎಂದು ಲೆಕ್ಕಕ್ಕೆ ಬರುತ್ತದೆ. ಅವಳು ತನ್ನ ಪರದೆಯಲ್ಲಿ ಮೇಲಿಂದ ಕೆಳಗೆ ಹುಡುಕಿದಳು. ಅಂಥದ್ದೇನೂ ಇರಲಿಲ್ಲ. ಕೈಪಿಡಿಯ ಹಿಂದಿನ ರಟ್ಟಿನಲ್ಲಿದ್ದ ನಂಬರಿಗೆ ಫೋನು ಮಾಡಿದಾಗ ಎತ್ತಿದ್ದು ಅದೇ ತರಬೇತಿಯ ಹುಡುಗಿ.

"ನಿಮ್ಮ ಕಂಪನಿಯವರಿಗೆ ಗ್ರಂಥಾಲಯ ಅಂದ್ರೆ ಏನು ಅಂತ ಗೊತ್ತಾ? ಒಳಬಳಕೆ ಅಂತ ಪುಸ್ತಕದಲ್ಲಿ ಬರೆದು ಯಂತ್ರದಲ್ಲಿ ಇಡದೇ ಹೋಗಿದ್ದೀರಲ್ಲ" ಎಂದು ಕಾರ್ಡಮ್ಮ ಒಂದೇ ಉಸಿರಿಗೆ ಜಾಡಿಸಿದಳು.

ಹುಡುಗಿ ಪೂರ್ತಿ ಕೇಳಿದಳು. "ಇದೆ ಮೇಡಂ. ನಿಮ್ಮಲ್ಲಿ ಆಫ್ ಮಾಡಿದೆ ಅಷ್ಟೇ. ಮುಖ್ಯಸ್ಥರ ಲಾಗಿನ್ನಿಂದ ಆನ್ ಮಾಡಬಹುದು."

"ಯಾರು ಆಫ್ ಮಾಡಿದ್ದು?"

"ಮೊದಲ ದಿನ ಕೇಳಿದ್ದೆ ಮೇಡಂ. ಓದುಗರು ಇಲ್ಲೇ ಕೂತು ಓದೋ ಪುಸ್ತಕಗಳನ್ನ ಎಣಿಸಬೇಕಾ ಅಂತ. ಸಾರ್ ಬೇಡ ಅಂದ್ರು, ಕೆಲಸ ಜಾಸ್ತಿ ಆಗುತ್ತೆ ಅಂತ. ಬೇರೆ ಯಾರಾದ್ರೂ ಏನಾದ್ರೂ ಹೇಳ್ತೀರಾ ಅಂತ ಎರಡು ಸಲ ಕೇಳಿದೆ. ನೀವೂ ಇದ್ರಿ ಮೇಡಂ. ಒಪ್ಪಿಗೆ ಕಾಗದದಲ್ಲಿ ನಿಮ್ಮ ಸಹಿನೂ ಇದೆ. ಬೇಕಾದ್ರೆ ಕಳಿಸ್ತೀನಿ."

"ಕಳಿಸು" ಎಂದು ಫೋನಿಟ್ಟಳು.

ಕಾಗದ ಬಂತು. ಒಂಬತ್ತನೇ ಸಾಲು: ಒಳಬಳಕೆ, ಬೇಡ. ಕೆಳಗೆ ಸಾಹೇಬರ ಸಹಿ, ಅದರ ಪಕ್ಕದಲ್ಲಿ ಅವಳದು. ಗಡಿಬಿಡಿಯಲ್ಲಿ ಗೀಚಿದ್ದರೂ ಅವಳದೇ. ಎರಡು ವರ್ಷ ಅವಳು ಸಾಹೇಬರನ್ನು ಬೈದಿದ್ದಳು, ಕಂಪನಿಯನ್ನು ಬೈದಿದ್ದಳು, ಯಂತ್ರವನ್ನಂತೂ ಬಾಯಿಗೆ ಬಂದಂತೆ ಬೈದಿದ್ದಳು. ಅವತ್ತು ಬೇರೆ ಯಾರನ್ನೂ ಬೈಯಲಾಗಲಿಲ್ಲ. ಸಾಹೇಬರಿಗೆ ಗೋದಾಮು ಮಾತ್ರ ಗೊತ್ತು, ಹುಡುಗಿಗೆ ಯಂತ್ರ ಮಾತ್ರ ಗೊತ್ತು. ಆ ಕೋಣೆಯಲ್ಲಿ ಟೈಲರಮ್ಮನನ್ನು ಬಲ್ಲವಳು ತಾನೊಬ್ಬಳೇ. ಬಾಯಿಗೆ ಬೀಗ ಹಾಕಿಕೊಂಡು ಸೈಕಲ್ಲು ಎಣಿಸುತ್ತಿದ್ದವಳೂ ತಾನೇ.

ಅವತ್ತೇ ಮಧ್ಯಾಹ್ನ ಅವಳು ಸಾಹೇಬರ ಕೋಣೆಗೆ ಹೋದಳು. ಈ ಸಲ ಬಾಗಿಲು ತಟ್ಟಿ.

"ಒಳಬಳಕೆ ಅಂತ ಒಂದಿದೆ ಸಾರ್. ಅದನ್ನ ಆನ್ ಮಾಡಿಕೊಡಿ. ನಾನೇ ಎಣಿಸ್ತೀನಿ, ನಿಮಗೆ ಕೆಲಸ ಇಲ್ಲ."

"ಸಭೆ ಮುಗೀಲಿ, ನೋಡೋಣ."

"ಸಭೆ ಮುಗಿದ ಮೇಲೆ ಎಣಿಸೋದಕ್ಕೆ ಪುಸ್ತಕ ಎಲ್ಲಿರುತ್ತೆ?"

"ಅಮ್ಮ, ಪಟ್ಟಿ ಸಮಿತಿಗೆ ಹೋಗಿ ಆಯ್ತು. ಈಗ ಅದನ್ನ ಬದಲಾಯಿಸಿದ್ರೆ ನನ್ನ ಮುಖ ಎಲ್ಲಿಡಲಿ?"

ಓಹೋ, ಇವರ ಮುಖ ಇಡಲು ಆರು ಸಾವಿರ ಪುಸ್ತಕಗಳ ಜಾಗ ಬೇಕಾಗಿದೆ ಎಂದುಕೊಂಡಳು. ಬಾಯಲ್ಲಿ ಮಾತ್ರ, "ಆಯ್ತು ಸಾರ್" ಅಂದಳು. ಹೊರಗೆ ಬಂದು ಅದೇ ಕೋರಿಕೆಯನ್ನು ಕಾಗದದಲ್ಲಿ ಬರೆದು, ಕಚೇರಿಯ ಗುಮಾಸ್ತರ ಹತ್ತಿರ ಆವಕ ಸಂಖ್ಯೆ ಹಾಕಿಸಿ, ನಕಲಿಗೆ ಮೊಹರು ಹೊಡೆಸಿಕೊಂಡಳು.

ಮೀಸೆಯನ್ನು ಕರೆದಳು. "ಇವತ್ತಿಂದ ಮೇಜಿನ ಮೇಲೆ ಬಿದ್ದಿರೋ ಒಂದು ಪುಸ್ತಕಾನೂ ನನಗೆ ತೋರಿಸದೆ ಕಪಾಟಿಗೆ ಇಡಬಾರದು."

"ಒಂದೂ ಇಡಬಾರದಾ ಅಕ್ಕ? ದಿನಕ್ಕೆ ನೂರಾರು ಇರುತ್ತೆ."

"ಒಂದೂ ಇಡಬೇಡ. ನಂಬರ್ ಬರೆದುಕೊಂಡ ಮೇಲೆ ಇಡು."

"ಸಾಹೇಬರು ಕೇಳಿದ್ರೆ?"

"ಅಕ್ಕಂಗೆ ತಲೆ ಕೆಟ್ಟಿದೆ ಅನ್ನು. ನಂಬ್ತಾರೆ."

ಹದಿಮೂರು ದಿನ ಅವರಿಬ್ಬರೂ ಅದೇ ಕೆಲಸ ಮಾಡಿದರು. ದಿನಕ್ಕೆ ಮೂರು ಸಲ ಮೀಸೆ ತಳ್ಳುಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬರುತ್ತಿದ್ದ. ಕೌಂಟರಿನ ಕೆಲಸದ ನಡುವೆ ಅವಳು ಬರೆದುಕೊಳ್ಳುತ್ತಿದ್ದಳು. ಓದುಗರಿಗೂ ಸುದ್ದಿ ಮುಟ್ಟಿತು. ಊಟದ ಬಿಡುವಿನಲ್ಲಿ ಬರುವ ಪ್ಲಂಬರ್ ಒಬ್ಬ, "ಪಂಪಿನ ಪುಸ್ತಕಾನ ಎರಡು ಸಲ ಬರ್ಕೊಳ್ಳಿ, ನಾನು ಎರಡು ಸಲ ಓದಿದೆ" ಎಂದು ಬಂದಾಗ ಅವಳು, "ಕಳ್ಳಲೆಕ್ಕ ಬೇಡ. ಅವರಿಗೂ ನಮಗೂ ಏನು ವ್ಯತ್ಯಾಸ ಆಮೇಲೆ?" ಎಂದು ಅವನನ್ನೇ ಗದರಿಸಿ ಕಳಿಸಿದಳು. ಟೈಲರಮ್ಮ ಪಟ್ಟಿಯ ವಿಷಯ ಕೇಳಿ ಕತ್ತರಿಸಿದ ಹಾಗೆ ಒಂದೇ ಮಾತು ಅಂದಳು: "ನನ್ನ ಪುಸ್ತಕ ಲಾರಿ ಹತ್ತಿದ್ರೆ ನಾನೂ ಹತ್ತಿ ಕೂರ್ತೀನಿ."

ಎಣಿಕೆಯ ಜೊತೆಗೆ ಕಾರ್ಡಮ್ಮ ಇನ್ನೊಂದು ಕೆಲಸ ಮಾಡಿದಳು. ವರದಿಯ ಮಾಡ್ಯೂಲಿನಲ್ಲಿ ಬೇಕಾದ ಷರತ್ತು ಹಾಕಿ ಪಟ್ಟಿ ಸೋಸುವುದನ್ನು ಕೈಪಿಡಿ ನೋಡಿ ಕಲಿತಳು. ಮೊದಲ ಸಲ ಗ್ರಂಥಾಲಯದ ಎಲ್ಲ ಪುಸ್ತಕಗಳೂ ಬಂದವು, ಎರಡನೇ ಸಲ ಒಂದೂ ಬರಲಿಲ್ಲ. ಆರನೆಯ ಸಲ ಸರಿಯಾಗಿ ಬಂತು. ಆ ಆರು ಸಾವಿರ ಚಿಲ್ಲರೆ ಪುಸ್ತಕಗಳಲ್ಲಿ ಎರವಲಿಗಲ್ಲದವು ಮೂರು ಸಾವಿರದ ನಾನೂರಾ ಆರು. ಅರ್ಧಕ್ಕಿಂತ ಹೆಚ್ಚು.

ಸಭೆಗೆ ಅವಳಿಗೆ ಕರೆ ಇರಲಿಲ್ಲ. ಸಾಹೇಬರು ದೊಡ್ಡ ಪರದೆ ಹಾಕಿಸಿ, ಗಾಜಿನ ಕೊಠಡಿಯ ಚಿತ್ರ ತೋರಿಸುತ್ತಿದ್ದಾಗ ಅವಳು ಅಳತೆಯ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲು ತಳ್ಳಿ ಒಳಗೆ ಬಂದಳು. ಸಮಿತಿಯ ಅಧ್ಯಕ್ಷೆ ನಿವೃತ್ತ ವೈದ್ಯೆ. ಅವರು ಮೊದಲು ಪುಸ್ತಕವನ್ನು, ಆಮೇಲೆ ಅದನ್ನು ಹೊತ್ತವಳನ್ನು ನೋಡಿದರು.

"ಏನಮ್ಮ ಇದು?"

"ಸತ್ತಿರೋ ಪುಸ್ತಕ ಡಾಕ್ಟ್ರೇ. ನೀವೇ ಒಂದು ಸಲ ಪರೀಕ್ಷೆ ಮಾಡಿ ಅಂತ ತಂದೆ."

ಸಾಹೇಬರು ಎದ್ದು ನಿಂತರು. ಅಧ್ಯಕ್ಷೆ ಕೈಸನ್ನೆಯಲ್ಲೇ ಅವರನ್ನು ಕೂರಿಸಿದರು. ಕಾರ್ಡಮ್ಮ ಆ ಪರದೆಗೆ ಜೋಡಿಸಿದ್ದ ಕಂಪ್ಯೂಟರಿನ ಮುಂದೆ ಹೋಗಿ, "ನಿಮ್ಮ ಸದಸ್ಯತ್ವದ ನಂಬರ್ ಹೇಳಿ, ಇದನ್ನ ನಿಮಗೆ ಇಶ್ಯೂ ಮಾಡ್ತೀನಿ" ಅಂದಳು. ಸಂಖ್ಯೆ ಒತ್ತಿ, ಕೌಂಟರಿನಿಂದ ತಂದಿದ್ದ ದೀಪವನ್ನು ಸಿಕ್ಕಿಸಿ ಬಾರ್‌ಕೋಡಿಗೆ ಹಿಡಿದಳು. ಗುರ್ ಎಂಬ ಸದ್ದು ಸಭೆಯ ಕೋಣೆಯಲ್ಲಿ ದೊಡ್ಡದಾಗಿ ಕೇಳಿತು. ಗಾಜಿನ ಕೊಠಡಿ ಇದ್ದ ಜಾಗದಲ್ಲಿ, ಒಂದೊಂದು ಅಕ್ಷರ ಗೇಣುದ್ದ, ಎರವಲಿಗಲ್ಲ ಎಂದು ಬಂತು.

"ಕೊಡಬೇಡ ಅಂತ ನಾವೇ ಹೇಳಿಕೊಟ್ಟಿದ್ದೀವಿ. ಕೊಟ್ಟಿಲ್ಲ ಅಂತ ನಾವೇ ಶಿಕ್ಷೆ ಹಾಕ್ತಿದ್ದೀವಿ. ಇಂಥವು ಈ ಪಟ್ಟಿಯಲ್ಲಿ ಮೂರು ಸಾವಿರದ ನಾನೂರಾ ಆರು ಇವೆ. ಇದರಲ್ಲಿ ಹದಿಮೂರು ದಿನದಲ್ಲಿ ಮೇಜಿನ ಮೇಲೆ ಸಿಕ್ಕಿದ್ದು ಒಂಬೈನೂರಾ ಎಂಟು. ನಂಬರ್ ಸಮೇತ ಬರೆದಿದ್ದೀನಿ." ಹಾಳೆಗಳನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಅಪ್ಪಳಿಸಿದಳು ಅನ್ನಬೇಕು.

ಅಧ್ಯಕ್ಷೆ ಹಾಳೆ ತಿರುವುತ್ತ ಕೇಳಿದರು, "ಹಾಗಾದ್ರೆ ಇಲ್ಲೇ ಓದೋದನ್ನ ಎಣಿಸೋ ವ್ಯವಸ್ಥೆ ಇಲ್ವಾ ಇದರಲ್ಲಿ?"

"ಇದೆ. ಬೇಡ ಅಂತ ಬರೆದುಕೊಟ್ಟಿದ್ದೀವಿ."

"ಯಾರು ಬರೆದುಕೊಟ್ಟಿದ್ದು?"

ಸಾಹೇಬರ ಮುಖ ಬಿಳಿಚಿತು. ಕಾರ್ಡಮ್ಮ ಆ ಮುಖವನ್ನು ನೋಡಿದಳು. ಅವರ ಹೆಸರೊಂದನ್ನೇ ಹೇಳಿದರೆ ಸಾಕಿತ್ತು. ಎರಡು ವರ್ಷದಿಂದ ಅವಳು ಕಾದದ್ದು ಇಂಥ ಒಂದು ಗಳಿಗೆಗೇ.

"ಸಾರ್ ಸಹಿ ಇದೆ. ಪಕ್ಕದಲ್ಲಿ ನನ್ನ ಸಹಿನೂ ಇದೆ" ಅಂದಳು. ದನಿ ಇನ್ನೂ ಒರಟಾಯಿತು. "ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಓದಲಿಲ್ಲ. ಬರೆದುಕೊಳ್ಳೋದಾದ್ರೆ ಅದನ್ನೂ ಬರ್ಕೊಳ್ಳಿ."

ಯಾರೂ ಬರೆದುಕೊಳ್ಳಲಿಲ್ಲ. ಸಮಿತಿಯ ತೀರ್ಮಾನ ಹತ್ತೇ ನಿಮಿಷದಲ್ಲಿ ಆಯಿತು. ಎರವಲಿಗಲ್ಲದವನ್ನು ಪಟ್ಟಿಯಿಂದ ತೆಗೆಯುವುದು, ಒಳಬಳಕೆಯ ಪರದೆಯನ್ನು ಅವತ್ತೇ ತೆರೆಯುವುದು, ಉಳಿದ ಎರಡು ಸಾವಿರದ ಎಂಟುನೂರಾ ಎಂಟು ಪುಸ್ತಕಗಳನ್ನು ವಿಲೇವಾರಿ ಮಾಡುವುದು. ಕಾರ್ಡಮ್ಮ, "ಅದರಲ್ಲೂ ಒಳ್ಳೇವಿವೆ. ಒಂದು ತಿಂಗಳು ಕೊಡಿ, ಒಂದೊಂದಾಗಿ ನೋಡ್ತೀನಿ" ಅಂದಳು. ಅಧ್ಯಕ್ಷೆ ಗಡಿಯಾರ ನೋಡಿ, "ಎಲ್ಲಾನೂ ಉಳಿಸೋಕೆ ಆಗಲ್ಲಮ್ಮ" ಅಂದರು. ಅದು ಸುಳ್ಳೂ ಅಲ್ಲ, ಆದರೆ ನೋಡದೆ ಆಡಿದ ಮಾತು ಎಂದು ಅವಳಿಗೆ ಅನ್ನಿಸಿತು.

ಲಾರಿ ಬಂದ ದಿನ ಅವಳು ರಜೆ ಹಾಕಲಿಲ್ಲ. ಕಟ್ಟುಗಳು ಮೆಟ್ಟಿಲಿಳಿಯುವಾಗ ಒಂದೊಂದರ ಬೆನ್ನನ್ನೂ ಓದುತ್ತ ಬಾಗಿಲಲ್ಲಿ ನಿಂತಿದ್ದಳು. ಮೂರು ಸಲ ಹಮಾಲರನ್ನು ತಡೆದು, ಕೆಂಪು ಚೀಟಿ ಉದುರಿಹೋಗಿ ತಪ್ಪಾಗಿ ಸೇರಿದ್ದ ಏಳು ಪುಸ್ತಕಗಳನ್ನು ಎಳೆದುಕೊಂಡಳು. ಉಳಿದವು ಹೋದವು. ಹಕ್ಕಿಗಳ ಬಗ್ಗೆ ಒಂದು ಸುಂದರವಾದ ಪುಸ್ತಕ ಇತ್ತು. ಎರವಲಿಗಿತ್ತು, ಯಾರೂ ಒಯ್ದಿರಲಿಲ್ಲ. ಅದೂ ಹೋಯಿತು. ಅದರ ಮೂರು ಕಾರ್ಡುಗಳಲ್ಲಿ ತಾನು ಬರೆದದ್ದು ಅವಳಿಗೆ ಅಕ್ಷರ ಅಕ್ಷರ ನೆನಪಿತ್ತು.

ವರ್ಷದ ವರದಿಯಲ್ಲಿ ಸಾಹೇಬರು, 'ಒಳಬಳಕೆಯ ಎಣಿಕೆಯನ್ನು ಜಾರಿಗೆ ತಂದ ನಮ್ಮ ದೂರದೃಷ್ಟಿ' ಎಂದು ತಮ್ಮ ಫೋಟೋದ ಕೆಳಗೆ ಬರೆಸಿಕೊಂಡರು. ಮೀಸೆ ಅದನ್ನು ತಂದು ತೋರಿಸಿದಾಗ, ಈ ಸಲ ಕಾಗದದ ಚೂರೂ ಉಳಿಯುವುದಿಲ್ಲ ಎಂದು ಅವನು ಎರಡು ಹೆಜ್ಜೆ ಹಿಂದೆ ನಿಂತಿದ್ದ. ಅವಳು ಪೂರ್ತಿ ಓದಿದಳು.

"ಏನೂ ಅನ್ನಲ್ವಾ ಅಕ್ಕ?"

"ಇದಕ್ಕೆ ಬೈದು ಬಾಯಿ ಯಾಕೆ ನೋಯಿಸ್ಕೊಳ್ಳಲಿ. ಬೈಯೋದಕ್ಕೆ ಬೇರೆ ಇದೆ." ಪತ್ರಿಕೆಗಳ ಮಾಡ್ಯೂಲ್, ನಿಂತುಹೋದ ಹನ್ನೊಂದು ಪತ್ರಿಕೆಗಳು ಇನ್ನೂ ಬರುತ್ತಿವೆ ಎಂದು ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಅವಳು ಅದರ ಬೆನ್ನು ಹತ್ತಿದ್ದಳು. ವರದಿಯನ್ನು ಪಕ್ಕಕ್ಕೆ ಸರಿಸಿ, ಮುಂದಿನ ಹಾಳೆಯ ಮೇಲೆ ಒಂದನೆಯ ಪತ್ರಿಕೆಯ ಹೆಸರು ಬರೆದಳು. ಅದರ ಮುಂದೆ, ಇದಕ್ಕೆ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆಯನ್ನೂ ಬರೆದಳು.